ಲಕ್ಷ್ಮಣಫಲದ ಎಲೆ, ಹಳದಿ ಅನ್ನದ ತುದಿ

ಅಧ್ಯಕ್ಷರಾದ ಶ್ರೀ ಪ್ರಾನೋತೊ ಅವರೇ, ಇಂದು ನಾವು ಸನ್ಮಾನಿಸುತ್ತಿರುವ ನಮ್ಮ ಓಣಿಯ ಮಗಳು, ಸಂಶೋಧಕಿ ಡಾಕ್ಟರ್ ಎಂದಾಂಗ್ ಅವರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ನನ್ನನ್ನು ದುರುಗುಟ್ಟಿ ನೋಡುತ್ತಿರುವ ನನ್ನ ಧರ್ಮಪತ್ನಿ ವಾರ್ಸಿನಿಯವರೇ, ಮತ್ತು ಕ್ಲಾತೆನ್ ಊರಿನ ಸಮಸ್ತ ಸಭಿಕರೇ,

ಎಂದಾಂಗ್ ಬಗ್ಗೆ ಎರಡು ಮಾತಾಡಿ ಎಂದಿದ್ದಾರೆ. ಆದರೆ ಅದಕ್ಕೆ ಮುಂಚೆ ನನ್ನ ಲಕ್ಷ್ಮಣಫಲದ ಮರದ ಬಗ್ಗೆ ಹೇಳದಿದ್ದರೆ ಹೇಗೆ? ಆಕೆ ಮೊದಲು ಪ್ರಯೋಗಶಾಲೆಗೆ ಒಯ್ದದ್ದು ಯಾರ ಮರದ ಎಲೆ? ನನ್ನ ಮರದ್ದು! ಒಣಗಿಸಿ, ಪುಡಿ ಮಾಡಿ, ಸಾರ ತೆಗೆದು, ಗಾಜಿನ ಬಟ್ಟಲಲ್ಲಿ ಬೆಳೆಸಿದ ಸ್ತನ ಕ್ಯಾನ್ಸರಿನ ಜೀವಕೋಶಗಳ ಮೇಲೆ ಹಾಕಿದಳು.

ಅದೇ ಸಮಯಕ್ಕೆ ವಾರ್ಸಿನಿಯ ಎದೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್, ಕೂಡಲೇ ಆಪರೇಷನ್ ಆಗಬೇಕು ಅಂದರು ಆಸ್ಪತ್ರೆಯ ಡಾಕ್ಟರು. "ಮನೆ ಮರದಲ್ಲೇ ಇಷ್ಟೊಂದು ಎಲೆ ಇರುವಾಗ ನಾನ್ಯಾಕ್ರೀ ಎದೆ ಕೊಯ್ಸಿಕೊಳ್ಳಲಿ? ಎಂದಾಂಗ್ ಹೇಳ್ಲಿ, ಆಮೇಲೆ ನೋಡೋಣ" ಎಂದು ಇವಳ ಹಟ. ನಾನು ಹೆದರಿರಲಿಲ್ಲ. ರಾತ್ರಿ ಎದ್ದೆದ್ದು ಅವಳ ಉಸಿರು ನೋಡುತ್ತಿದ್ದೆನಲ್ಲ, ಅದು ಸೆಕೆಗೆ.

ಒಂದು ದಿನ ಫೋನ್ ಬಂತು. "ದೊಡ್ಡಪ್ಪಾ, ನಿಮ್ಮ ಎಲೆ ಸಾರಕ್ಕೆ ಕ್ಯಾನ್ಸರ್ ಕೋಶ ಸತ್ತಿವೆ. ಆದ್ರೆ..." ಆ 'ಆದ್ರೆ' ಕೇಳುವ ವ್ಯವಧಾನ ಯಾರಿಗಿತ್ತು? ಫೋನ್ ಇಟ್ಟುಬಿಟ್ಟೆ. ಶುಭಸುದ್ದಿ ಬಂದ ಮೇಲೆ ತುಂಪೆಂಗ್ ಮಾಡದೆ ಇರುತ್ತೇವೆಯೇ? ಸಂಜೆಯೊಳಗೆ ಅರಿಶಿನದ ಅನ್ನ ಗೋಪುರವಾಗಿ ನಿಂತಿತು, ಕೋಳಿ ಬೆಂದಿತು, ಓಣಿಗೆ ಓಣಿಯೇ ಬಂದು ಚಾಪೆಯ ಮೇಲೆ ಕೂತಿತು. ಪ್ರಾರ್ಥನೆಯೂ ಮುಗಿಯಿತು.

ಆಗ ಬಂದಳು ಎಂದಾಂಗ್, ಹೆಲ್ಮೆಟ್ ಕೂಡ ತೆಗೆಯದೆ. "ದೊಡ್ಡಮ್ಮಾ, ಪಕ್ಕದ ಬಟ್ಟಲಲ್ಲಿ ಆರೋಗ್ಯದ ಕೋಶ ಇಟ್ಟಿದ್ದೆ. ಅವೂ ಸತ್ತುಹೋದ್ವು. ಈ ಸಾರಕ್ಕೆ ಕಳ್ಳ ಯಾರು, ಮನೆಯವ ಯಾರು ಗೊತ್ತಾಗಲ್ಲ. ಬಟ್ಟಲಲ್ಲಿ ಆದದ್ದು ಮೈಯಲ್ಲಿ ಆಗುತ್ತೆ ಅಂತಲೂ ಇಲ್ಲ. ಇದನ್ನ ನಂಬ್ಕೊಂಡು ಕೂರ್ಬೇಡಿ, ಆಪರೇಷನ್ ಮಾಡಿಸ್ಕೊಳ್ಳಿ."

ಎಲ್ಲರೂ ಅನ್ನದ ಗೋಪುರದತ್ತ ತಿರುಗಿದರು. ಕೊನೆಗೆ ಒಬ್ಬರು, "ಹಾಗಾದ್ರೆ ಈ ಅನ್ನ?" ಎಂದರು. ಅಧ್ಯಕ್ಷರೇ, ಅದು ತಾವೇ!

ವಾರ್ಸಿನಿ ಎದ್ದು ಚಾಕು ತೆಗೆದುಕೊಂಡು ಗೋಪುರದ ತುದಿ ಕೊಯ್ದಳು. ಅನ್ನದ ತುದಿ ರೂಢಿಯಂತೆ ಹಿರಿಯರಿಗೆ ಸಲ್ಲಬೇಕು, ಅಂದರೆ ನನಗೆ. ತಟ್ಟೆ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಅದನ್ನು ಎಂದಾಂಗ್ ಕೈಗಿಟ್ಟಳು. "ತಿನ್ನು ಮಗಳೇ. ಇವರೆಲ್ಲ ನನಗೆ ಬೇಕಾದದ್ದನ್ನೇ ಹೇಳಿದ್ರು. ನೀನೊಬ್ಬಳು ನಿಜ ಹೇಳಿದೆ. ನಾಳೆ ಆಸ್ಪತ್ರೆಗೆ ಹೋಗೋಣ, ನೀನೂ ಬಾ." ಆಗ ನಾನು ಕಣ್ಣೀರು ಹಾಕಿದೆ ಎಂದು ಓಣಿಯಲ್ಲಿ ಸುದ್ದಿ ಇದೆ. ಅದು ಮೆಣಸಿನಕಾಯಿ ಚಟ್ನಿಯ ಖಾರ, ಮಹನೀಯರೇ.

ಐದು ವರ್ಷವಾಯಿತು. ಆಪರೇಷನ್ ಆಯಿತು, ಕೂದಲು ಹೋಯಿತು, ಗುಂಗುರಾಗಿ ಮತ್ತೆ ಬಂತು. ಬಾಯಿ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಇತ್ತ ಎಂದಾಂಗ್, ಆರೋಗ್ಯದ ಕೋಶಗಳನ್ನು ಅಷ್ಟಾಗಿ ಮುಟ್ಟದ ಸಾರವೊಂದನ್ನು ಬೇರೊಂದು ಗಿಡದ ಎಲೆಯಲ್ಲಿ ಕಂಡು ಬಹುಮಾನ ಗೆದ್ದಿದ್ದಾಳೆ. ಇದೂ ಸದ್ಯಕ್ಕೆ ಬಟ್ಟಲಿನ ಮಾತು, ಔಷಧಿಯಲ್ಲ ಎಂದು ಸ್ಪಷ್ಟವಾಗಿ ಹೇಳಬೇಕೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಹೇಳಿದ್ದೇನೆ. ಎಲೆ ನನ್ನ ಮರದ್ದಲ್ಲವೆಂದು ನನಗೇನೂ ಬೇಸರವಿಲ್ಲ. ಸ್ವಲ್ಪ ಇದೆ.

ಇಂದಿನ ತುಂಪೆಂಗ್ ಅಗೋ ಅಲ್ಲಿದೆ, ಚಾಕು ಎಂದಾಂಗ್ ಕೈಯಲ್ಲಿದೆ. ಈ ಸಲ ನಾನು ತಟ್ಟೆ ಚಾಚುವುದಿಲ್ಲ. ತುದಿ ಯಾರಿಗೆ ಸಲ್ಲಬೇಕೋ ಅವಳು ಮುಂದಿನ ಸಾಲಿನಲ್ಲಿ ಕೂತು, "ಅನ್ನ ಆರ್ತಾ ಇದೆ, ಸಾಕು ಮಾಡ್ರೀ" ಎಂದು ಕೈ ಬೀಸುತ್ತಿದ್ದಾಳೆ. ಇನ್ನೂ ಬಹಳ ವರ್ಷ ಹೀಗೇ ನನ್ನ ಬಾಯಿ ಮುಚ್ಚಿಸುತ್ತಿರಲಿ. ಅವಳ ಕಾಯಿಲೆಯ ದಿನಗಳಲ್ಲಿ ನಾನು ಹೆದರಿದ್ದೆ, ಸಭಿಕರೇ, ಬಹಳ ಹೆದರಿದ್ದೆ. ಅಂದು ಹೆಲ್ಮೆಟ್ ತೆಗೆಯದೆ ಓಡಿಬಂದವಳಿಗೂ, ಇಷ್ಟು ಹೊತ್ತು ಹಸಿದುಕೊಂಡು ಕೇಳಿದ ನಿಮಗೂ ವಂದನೆಗಳು. ನಮಸ್ಕಾರ.