ನಾಲ್ಕು ಬೆರಳಗಲ

ಇದು ಯಾರೋ ಎಲ್ಲೋ ಹೇಳಿದ್ದಲ್ಲ. ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲೇ ನಡೆದದ್ದು. ನಗುವವರು ಈಗಲೇ ನಕ್ಕುಬಿಡಿ... ಆಮೇಲೆ ನಗು ಬರುವುದಿಲ್ಲ.

ಅವತ್ತು ಆ ಮನೆಯ ಯಶವಂತ ಕೆಲಸ ಮುಗಿಸಿ ಬರುವಾಗ ಕತ್ತಲಾಗಿತ್ತು. ಮನೆಗೆ ಹೋಗಬೇಕಾದರೆ ಆಲದ ಮರದ ಕೆಳಗಿನ ಹಳೇ ಬಾವಿಯನ್ನು ದಾಟಲೇಬೇಕು. ಬಾವಿಯ ಜಾಲರಿ ಒಂದು ಕಡೆ ಕಿತ್ತುಬಂದಿದೆ. ಒಳಗೆ ಕಪ್ಪೆಯೊಂದು ನೀರಿಗೆ ಹಾರಿತು... ಗುಳುಂ. ಅವನ ಎದೆ ಝಲ್ಲೆಂದಿತು.

ಕಪ್ಪೆಗೆ ಹೆದರುವ ಗಂಡಸಲ್ಲ ಅವನು. ಹೆದರಿಕೆಯೆಲ್ಲ ಪುಟ್ಟ ಮಗಳು ಸಂಹಿತಾಳ ಬಗ್ಗೆ. ಅವನ ತಾಯಿ ಮುನಿಕೃಷ್ಣಮ್ಮ ಬದುಕಿದ್ದಾಗ ಮೊಮ್ಮಗಳನ್ನು ಈ ಬಾವಿಕಟ್ಟೆಯ ಮೇಲೆ ಕೂರಿಸಿಕೊಂಡೇ ತುತ್ತು ತಿನ್ನಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ಬಾಗಿಲು ತೆರೆದಿದ್ದರೆ ಸಾಕು, ಮಗು ನೇರ ಇಲ್ಲಿಗೇ ಓಡಿಬರುತ್ತಿತ್ತು. ಅದಕ್ಕೇ ಅವನು ಮುಂಬಾಗಿಲಿಗೆ ಸ್ಪ್ರಿಂಗ್ ಹಿಂಜಸ್ ಹಾಕಿದ್ದು. ಕೈಬಿಟ್ಟರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು.

ಮನೆ ಕಂಡಿತು. ಬಾಗಿಲು ಮುಚ್ಚಿರಲಿಲ್ಲ. ನಾಲ್ಕು ಬೆರಳಗಲದ ಬೆಳಕು ಮೆಟ್ಟಿಲ ಮೇಲೆ ಬಿದ್ದಿತ್ತು.

"ಮತ್ತೆ ನಿಂತಿದೆ ಕಣ್ರೀ," ಎಂದಳು ಹೆಂಡತಿ ಸುಮಾ, ಪಿಸುದನಿಯಲ್ಲಿ. "ಎಡೆ ಇಟ್ಟ ದಿನದಿಂದ ಇದೇ ಕತೆ."

ಮಹಾಲಯ ಅಮಾವಾಸ್ಯೆಗೆ ತಾಯಿಗೆ ಎಡೆ ಇಟ್ಟಿದ್ದರು. ಎಲೆ ಬಡಿಸಿ, ಎಲ್ಲರೂ ಹೊರಗೆ ಬಂದು, ಬಾಗಿಲನ್ನು ಸ್ವಲ್ಪ ಸಂದು ಬಿಟ್ಟು ಎಳೆದುಕೊಳ್ಳುವುದು ಅವರ ಮನೆಯ ಪದ್ಧತಿ. "ಪೂರ್ತಿ ಆಕಬ್ಯಾಡ ಕಣ್ಲಾ, ಬಂದೋರು ತಿರ್ಗಾ ಓಗೋದೆಂಗೆ?" ಎಂದು ವರ್ಷವರ್ಷವೂ ಬೈಯುತ್ತಿದ್ದವರು ಇದೇ ಮುನಿಕೃಷ್ಣಮ್ಮ. ಈ ಸಲ ಬಾಗಿಲು ಹಿಡಿದುಕೊಳ್ಳಬೇಕೆಂದು ಯಾರಿಗೂ ನೆನಪಾಗಲಿಲ್ಲ. ಹೊಸ ಸ್ಪ್ರಿಂಗು ಎಳೆದುಕೊಂಡಿತು... ಠಪ್.

ಯಶವಂತನಿಗೆ ಇಂಥದ್ದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. "ಸ್ಪ್ರಿಂಗ್ ಲೂಸಾಗಿದೆ ಅಷ್ಟೇ," ಎಂದ. ಸ್ಪ್ರಿಂಗ್ ಬಿಗಿಯಾಗಲೆಂದು ಹಿಂಜಸ್ಸಿನ ತಲೆಯ ತೂತಿಗೆ ಕಬ್ಬಿಣದ ಕಡ್ಡಿ ತೂರಿಸಿ ತಿರುಗಿಸಿದ. ಕಟ್... ಕಟ್... ಪುಟ್ಟ ಪಿನ್ನನ್ನು ಮುಂದಿನ ತೂತಿಗೆ ಸಿಕ್ಕಿಸಿ ಬಾಗಿಲನ್ನು ಬಿಟ್ಟ. ಅದು ರಭಸದಿಂದ ಬಂತು. ನಾಲ್ಕು ಬೆರಳಗಲ ಉಳಿದಾಗ ನಿಂತಿತು. ಚೌಕಟ್ಟಿನಲ್ಲಿ ಕಲ್ಲಿಲ್ಲ, ಕಸವಿಲ್ಲ. ಎಣ್ಣೆ ಬಿಟ್ಟು ನೋಡಿದ. ಮತ್ತೆ ಅಲ್ಲೇ.

"ಬಿಡ್ರೀ... ನಂಗ್ಯಾಕೋ ಭಯ ಆಗ್ತಿದೆ."

"ಬಿಟ್ರೆ ಮಗು ಬಾವೀಲಿರ್ತಾಳೆ. ಸುಮ್ನಿರು."

ಅವನ ಸಿಟ್ಟು ನೆತ್ತಿಗೇರಿತ್ತು. ಕೊನೆಯ ತೂತಿನ ತನಕ ಬಿಗಿದ. ಬಾಗಿಲು ಕಿರ್ರ್ ಎಂದು ಬಂದು... ನಿಂತಿತು. ಒಳಗಿನಿಂದ ಹೆಗಲು ಕೊಟ್ಟು ಒತ್ತಿದ.

ಪಟ್.

ಒಣಕಡ್ಡಿ ಮುರಿದಂಥ ಸದ್ದು. ಅದರ ಹಿಂದೆಯೇ... ಸ್ಸ್... ಬೆರಳು ಸಿಕ್ಕಿಕೊಂಡಾಗ ಹಲ್ಲು ಕಚ್ಚಿ ಉಸಿರೆಳೆದುಕೊಳ್ಳುತ್ತೇವಲ್ಲ, ಹಾಗೆ. ಬಾಗಿಲು ಮುಚ್ಚಿತು.

"ನೀನಾ?" ಎಂದ. ಸುಮಾ ಅಲ್ಲವೆಂದು ತಲೆಯಾಡಿಸಿದಳು. ಅವಳ ಎರಡೂ ಕೈ ಬಾಯಿಯ ಮೇಲಿದ್ದವು.

ಊಟವಾದ ಮೇಲೆ ಮಳೆ ಹನಿಯತೊಡಗಿತು. ಯಶವಂತ ಹೊರಗೆ ಹೋಗಿ ಬೈಕಿಗೆ ಹೊದಿಕೆ ಹಾಕಿ ಬಂದ. ಅವನ ಹಿಂದೆ ಬಾಗಿಲು ಠಪ್ಪೆಂದು ಮುಚ್ಚಿಕೊಂಡಿತು. ಸದ್ಯ, ಸರಿಹೋಯಿತಲ್ಲ ಎಂದುಕೊಂಡ.

ಮಲಗುವಾಗ ನೋಡಿದರೆ ಸಂಹಿತಾ ಇಲ್ಲ.

ಮಂಚದ ಕೆಳಗೆ, ಬಚ್ಚಲಲ್ಲಿ, ಬೀರುವಿನ ಸಂದಿಯಲ್ಲಿ ಹುಡುಕಿದರು. ಬಾಗಿಲು ಭದ್ರವಾಗಿ ಮುಚ್ಚಿದೆಯಲ್ಲ, ಹೊರಗೆ ಹೋಗಿರಬಹುದೆಂದು ಇಬ್ಬರಿಗೂ ಹೊಳೆಯಲೇ ಇಲ್ಲ. ಬೈಕಿನ ಹತ್ತಿರ ಹೋಗುವಾಗ ಬಾಗಿಲು ತೆರೆದಿದ್ದೆನಲ್ಲ, ಬೆನ್ನ ಹಿಂದೆಯೇ ಮಗು ನುಸುಳಿದ್ದರೆ... ಎಂದು ನೆನಪಾದದ್ದೇ ಯಶವಂತ ಬಾಗಿಲಿಗೆ ಓಡಿದ.

ಆಗ ಹೊರಗಿನಿಂದ... ಟಕ್. ಟಕ್.

ತೆರೆದ. ಮಗು ಒಂಟಿಯಾಗಿ ನಿಂತಿತ್ತು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಗೆಲ್ಲ ಬಾವಿಯ ಪಾಚಿ. ಸುಮಾ ಚೀರಿ ತಬ್ಬಿಕೊಂಡಳು.

"ಯಾರಮ್ಮಾ... ಯಾರು ಎತ್ತಿದ್ದು ನಿನ್ನ?"

"ಅಜ್ಜಿ. ಒಂದೇ ಕೈಲಿ," ಎಂದಿತು ಮಗು. "ಬಲಗೈ ಬಾಗ್ಲಲ್ಲಿ ಸಿಕ್ಕಾಕೊಂಡು ಮುರ್ದೋಯ್ತಂತೆ... ಅಪ್ಪಂಗೆ ಹೇಳ್ಬೇಡ ಅಂದ್ಲು."

ಯಶವಂತ ಹೊಸ್ತಿಲ ಮೇಲೆ ಕುಸಿದು ಕೂತು ಗೋಳೋ ಎಂದು ಅತ್ತ. ಆ ಅಳು ಕೇಳಿಯೇ ನಾವು ಓಡಿಹೋದದ್ದು. ಅಳುತ್ತಲೇ ಸ್ಪ್ರಿಂಗುಗಳನ್ನು ಕಿತ್ತುಹಾಕಿದ. ವಾರದೊಳಗೆ ಬಾವಿಗೆ ಹೊಸ ಜಾಲರಿಯೂ ಬಂತು.

ಮುಂದಿನ ಮಹಾಲಯಕ್ಕೆ ನನ್ನನ್ನೂ ಕರೆದಿದ್ದರು. ಎಡೆ ಇಟ್ಟು, ನಾಲ್ಕು ಬೆರಳಗಲ ಸಂದು ಬಿಟ್ಟು, ಎಲ್ಲರೂ ಹೊರಗೆ ನಿಂತೆವು. ಒಳಗೆ ಹೋಗಿ ನೋಡಿದರೆ... ಎಲೆಯ ಮೇಲಿನ ಅನ್ನ ಸಾರನ್ನು ಯಾರೋ ಕಲಸಿದ್ದರು. ಎಡಗಡೆಯಿಂದ. ಬಲಗಡೆ ಒಂದಗುಳೂ ಅಲುಗಿರಲಿಲ್ಲ.

ನೀವು ನಂಬಿ, ಬಿಡಿ. ಆ ಎಲೆ ಎತ್ತಿದ್ದು ನಾನೇ.