ಕಳುವಾಗದ ಯಂತ್ರ ಮತ್ತು ನನ್ನ ಮೈದುನನ ಬಗ್ಗೆ

ದೂರುದಾರಳ ಮರುಹೇಳಿಕೆ. ಹೆಣ್ಣು, ವಯಸ್ಸು ನಲವತ್ತಮೂರು. ಉದ್ಯೋಗ: ಡೇಟಾಬೇಸ್ ಸೇವಾ ಕಂಪನಿಯಲ್ಲಿ ತರಬೇತುದಾರಳು. ಹೆಸರು ಮತ್ತು ಮನೆಯ ವಿಳಾಸ ಇಂದು ಮಧ್ಯಾಹ್ನದ ದೂರಿನಲ್ಲಿ ಇರುವಂತೆಯೇ. ಠಾಣೆಗೆ ನಾನಾಗಿಯೇ ಬಂದು, ಒಂದು ಲೋಟ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹೇಳಿ ಬರೆಸುತ್ತಿರುವುದು ಏನೆಂದರೆ:

ಕಳುವಾಗಿದೆ ಎಂದು ನಾನು ದೂರು ಕೊಟ್ಟ ಯಂತ್ರ ಕಳುವಾಗಿಲ್ಲ. ಸಿಕ್ಕಿದೆ, ಚೆನ್ನಾಗಿದೆ, ಓಡುತ್ತಿದೆ. ಅದರ ಸಲುವಾಗಿ ಠಾಣೆಯಲ್ಲಿ ಕೂರಿಸಿರುವ ನಮ್ಮ ಕಂಪನಿಯ ಎಲೆಕ್ಟ್ರಿಷಿಯನ್, ಅಂದರೆ ನನ್ನ ಗಂಡನ ತಮ್ಮ, ಏನೂ ಮಾಡಿಲ್ಲ. ಇದಿಷ್ಟನ್ನು ಬರೆದುಕೊಂಡು ಅವನನ್ನು ಮನೆಗೆ ಕಳಿಸಿ ಎಂದು ಕೇಳಿದೆ. ಬರೆಯುತ್ತಿರುವ ದಫೇದಾರರು, ಹಾಗೆಲ್ಲ ಆಗುವುದಿಲ್ಲ, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಬೇಕು ಎಂದರು. ಹಾಗೇ ಹೇಳುತ್ತೇನೆ.

ಏಳು ಆಸ್ಪತ್ರೆಗಳ ರಕ್ತನಿಧಿಯ ದಾಖಲೆಗಳನ್ನು ನಮ್ಮ ಕಂಪನಿಯ ಯಂತ್ರ, ಅಂದರೆ ಒಂದು ದೊಡ್ಡ ಕಂಪ್ಯೂಟರ್, ಕಾಪಾಡುತ್ತದೆ. ರಕ್ತ ಕೊಟ್ಟವರು ಯಾರು, ಯಾರಿಗೆ ಯಾವ ಕಾಯಿಲೆ, ಎಲ್ಲವೂ ಅದರೊಳಗಿದೆ. ಮುಖ್ಯ ಯಂತ್ರ ಕೆಟ್ಟರೆ ಕೆಲಸ ನಿಲ್ಲಬಾರದೆಂದು ಅದೇ ದಾಖಲೆಗಳ ಇನ್ನೊಂದು ಪ್ರತಿ ಇರುವ ಜೋಡಿ ಯಂತ್ರ ಉಂಟು. ಎರಡು ಸೂಟ್‌ಕೇಸುಗಳನ್ನು ಒಂದರ ಮೇಲೊಂದು ಇಟ್ಟಷ್ಟು ಗಾತ್ರ, ಇಪ್ಪತ್ತಾರು ಕಿಲೋ ತೂಕ. ನಾನು ತರಬೇತಿ ಕೊಡುವ ಹಾಲ್‌ನ ಪಕ್ಕದ ಕೋಣೆಯಲ್ಲಿ ಇದ್ದದ್ದು ಆ ಜೋಡಿ ಯಂತ್ರ. ಕೋಣೆಯ ಬಾಗಿಲು ಎಳೆದರೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಹೊರಗಿನಿಂದ ತೆರೆಯಲು ಕೀಲಿ ಬೇಕು. ಒಂದು ಕೀಲಿ ನನ್ನ ಬಳಿ, ಇನ್ನೊಂದು ನನ್ನ ಮೈದುನನ ಬಳಿ.

ನಿನ್ನೆ ಮತ್ತು ಇಂದು ನಮ್ಮ ಬಳಕೆದಾರರ ಬಳಗದ ತರಬೇತಿ ಇತ್ತು. ಬಳಗ ಎಂದರೆ ಆಯಾ ಆಸ್ಪತ್ರೆಗಳಲ್ಲಿ ಈ ಯಂತ್ರದೊಡನೆ ದಿನವೂ ಗುದ್ದಾಡುವವರು. ಆರು ಮೇಜು, ಮೇಜಿಗೆ ನಾಲ್ವರು. ಮೂರನೇ ಮೇಜಿನಲ್ಲಿ ಮಾತ್ರ ಮೂವರು. ಪಾಠದ ನಡುವೆ ಫೋನ್ ನೋಡಬಾರದೆಂದು ನನ್ನದೂ ಸೇರಿ ಎಲ್ಲರ ಫೋನುಗಳನ್ನು ಸದ್ದಡಗಿಸಿ ಬಾಗಿಲ ಬಳಿ ಒಂದು ಬುಟ್ಟಿಯಲ್ಲಿ ಹಾಕಿಸುತ್ತೇನೆ. ಈ ನಿಯಮ ನನ್ನದೇ. ಅದರ ಫಲವನ್ನೂ ನಾನೇ ಉಂಡೆ.

ನಿನ್ನೆ ಪಾಠದಲ್ಲಿ ನನಗೆ ಸ್ವಲ್ಪ ಸಿಟ್ಟು ಬಂದಿತ್ತು. ಏನು ಕೇಳಿದರೂ ಎಲ್ಲರೂ ಗಿಣಿಪಾಠ ಒಪ್ಪಿಸುತ್ತಿದ್ದರು. ಬಾಯಲ್ಲೇ ಯಂತ್ರ ಉಳಿಸೋಕಾಗಲ್ಲ, ನಾಳೆ ಮಾಡಿ ತೋರಿಸಬೇಕು ಎಂದು ಗದರಿದೆ. ಒಂದು ಪ್ರತಿ ಇರುವ ಕಟ್ಟಡದಲ್ಲೇ ಇನ್ನೊಂದನ್ನೂ ಇಟ್ಟುಕೊಂಡರೆ ಅದು ಲೆಕ್ಕಕ್ಕಿಲ್ಲ, ಆಪತ್ತು ಬಂದಾಗ ಬೇರೆ ಕಟ್ಟಡಕ್ಕೆ ಸಾಗಿಸಬೇಕು ಎಂದೂ ಹೇಳಿದೆ. ಮೂರನೇ ಮೇಜಿನಲ್ಲಿದ್ದ ಹಿರಿಯ ದಾಖಲೆ ಗುಮಾಸ್ತೆ ಇದಕ್ಕೆ ಬಲವಾಗಿ ತಲೆಯಾಡಿಸಿದರು. ಅವರನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಾರೆ.

ಇಂದು ಬೆಳಿಗ್ಗೆ ಒಂದೊಂದು ಮೇಜಿಗೆ ಒಂದೊಂದು ಆಪತ್ತು ಕೊಟ್ಟು, ಸರದಿಯಂತೆ ಯಂತ್ರದ ಕೋಣೆಗೆ ಬಿಟ್ಟೆ. ಒಬ್ಬರಿಗೆ ಬೆಂಕಿ, ಒಬ್ಬರಿಗೆ ಕರೆಂಟು ಹೋಗಿದ್ದು. ಮೂರನೇ ಮೇಜಿನವರಿಗೆ, ಕಟ್ಟಡಕ್ಕೆ ನೀರು ನುಗ್ತಿದೆ, ಅರ್ಧ ಗಂಟೆ ಟೈಮಿದೆ ಎಂದೆ. ಮೊದಲಿನ ಎರಡು ಮೇಜಿನವರು ಪರದೆಯ ಮೇಲೆ ಅಭ್ಯಾಸದ ಗುಂಡಿ ಒತ್ತಿ, ಹೀಗೀಗೆ ಮಾಡ್ತೀವಿ ಎಂದು ವಿವರಿಸಿ ಹೊರಬಂದಿದ್ದರು. 12.10ಕ್ಕೆ ದೊಡ್ಡಮ್ಮ, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಔಷಧಿ ವಿಭಾಗದವರು ಒಳಗೆ ಹೋದರು. ಅಷ್ಟರಲ್ಲಿ ಐದನೇ ಮೇಜಿನವರು ಏನೋ ಕೇಳಿದರೆಂದು ನಾನು ಹಾಲ್‌ಗೆ ಬಂದೆ. ಮೂರನೇ ಮೇಜಿನವರು ಹೊರಬಂದದ್ದನ್ನು ನೋಡಲಿಲ್ಲ. ಬಳಿಕ ಊಟಕ್ಕೆ ಬಿಟ್ಟೆ.

1.20ಕ್ಕೆ ಕೋಣೆ ತೆರೆದೆ. ಮೇಜು ಇತ್ತು, ಯಂತ್ರ ಇರಲಿಲ್ಲ. ತಂತಿಗಳನ್ನು ಸುತ್ತಿ, ಚೀಟಿ ಅಂಟಿಸಿ ಓರಣವಾಗಿ ಇಟ್ಟಿದ್ದರು. ಕದ್ದವನು ಕೆಲಸ ಬಲ್ಲವನೇ ಇರಬೇಕು ಎಂದುಕೊಂಡೆ. ಗ್ರಾಹಕರ ಮುಂದೆ ಕಂಪನಿಯ ಮಾನ ಹೋಗಬಾರದೆಂದು ಹಾಲ್‌ನಲ್ಲಿ ಯಾರಿಗೂ ಬಾಯಿ ಬಿಡದೆ, ಪಾಠವನ್ನು ಸಹಾಯಕಿಗೆ ಒಪ್ಪಿಸಿ, ಆಫೀಸಿನ ಫೋನಿನಿಂದ ಠಾಣೆಗೆ ತಿಳಿಸಿದೆ. ಮೂರನೇ ಮೇಜು ಖಾಲಿ ಇದ್ದದ್ದು ಕಣ್ಣಿಗೆ ಬಿತ್ತು. ದೊಡ್ಡಮ್ಮನವರ ಊಟ ನಿನ್ನೆಯೂ ನಿಧಾನವಾಗಿಯೇ ಮುಗಿದಿದ್ದರಿಂದ ತಲೆಕೆಡಿಸಿಕೊಳ್ಳಲಿಲ್ಲ.

ಇನ್‌ಸ್ಪೆಕ್ಟರ್ ಬಂದು ಗೇಟಿನ ಕಾವಲುಗಾರನನ್ನು, ಹೊರಗಿನವರು ಯಾರಾದರೂ ಸಾಮಾನು ಹೊತ್ತು ಹೋದರೇ ಎಂದು ಕೇಳಿದರು. ಇಲ್ಲ ಸಾರ್, ಹೊರಗಿನವರು ಒಂದು ನರಪಿಳ್ಳೆಯೂ ಬಂದಿಲ್ಲ ಎಂದು ಅವನು ಹೇಳಿದ. ಅದು ನಿಜವೇ ಆಗಿತ್ತು. ತರಬೇತಿಗೆ ಬಂದವರ ಮೇಲೆ ಅನುಮಾನ ಉಂಟೇ ಎಂದು ನನ್ನನ್ನು ಕೇಳಿದರು. ಛೇ, ನಮ್ಮ ಬಳಗದವರು ಅಂಥವರಲ್ಲ ಎಂದು ತಕ್ಷಣ ಹೇಳಿದೆ. ಇನ್ನೊಂದು ಕೀಲಿ ಯಾರ ಹತ್ತಿರ ಎಂದರು. ಮೈದುನನ ಹತ್ತಿರ ಎಂದೆ.

ಅವನನ್ನು ಕರೆಸಿದರು. ಊಟದ ಹೊತ್ತಿನಲ್ಲಿ ಒಂದು ಗಂಟೆ ಅವನು ಕಟ್ಟಡದಲ್ಲಿ ಇರಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ, ಸ್ವಂತ ಕೆಲಸ ಇತ್ತು ಸಾರ್ ಎಂದಷ್ಟೇ ಹೇಳಿ ನನ್ನ ಕಡೆ ನೋಡಿದ. ಇನ್‌ಸ್ಪೆಕ್ಟರ್ ಕೂಡ ನನ್ನ ಕಡೆ ತಿರುಗಿ, ಹುಡುಗ ಹೇಗೆ ಎಂದರು. ನಾನು ಸುಮ್ಮನಿದ್ದೆ. 2.30ಕ್ಕೆ ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು.

4.50ಕ್ಕೆ ತರಬೇತಿ ಮುಗಿಯಿತು. ಬುಟ್ಟಿಯಿಂದ ನನ್ನ ಫೋನ್ ತೆಗೆದರೆ ಗುರುತಿಲ್ಲದ ಒಂದೇ ನಂಬರಿನಿಂದ ಹದಿನೇಳು ಕರೆ ಬಂದಿದ್ದವು. ಕದ್ದವರೇ ಹಣಕ್ಕೆ ಪೀಡಿಸುತ್ತಿದ್ದಾರೆಂದು ಹೆದರುತ್ತಲೇ ವಾಪಸು ಕರೆ ಮಾಡಿದೆ. ಎತ್ತಿದವರು ದೊಡ್ಡಮ್ಮ. ಅದು ಅವರ ಆಸ್ಪತ್ರೆಯ ಫೋನು.

ಏನಮ್ಮಾ, ಎಷ್ಟೊತ್ತಿಂದ ಮಾಡ್ತಿದ್ದೀವಿ, ಎತ್ತೋದೇ ಇಲ್ವಲ್ಲ, ನಿನ್ನ ಯಂತ್ರ ನಮ್ಮ ಆಸ್ಪತ್ರೆಗೆ ಬಂದು ಎದ್ದು ಕೂತಿದೆ ಎಂದರು. ಅವರ ಆಸ್ಪತ್ರೆ ಹನ್ನೊಂದು ಕಿಲೋಮೀಟರ್ ದೂರ. ಅವರ ಮಾತಿನಂತೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಇಬ್ಬರು ಹೊತ್ತು, ತಮ್ಮ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಶಾಲು ಹೊದಿಸಿ, ಬೆಲ್ಟು ಕಟ್ಟಿ ಒಯ್ದಿದ್ದರು. ಗೇಟು ತೆರೆದುಕೊಟ್ಟವನು ಅದೇ ಕಾವಲುಗಾರ. ಅಲ್ಲಿ ಜೋಡಿಸಿದ ಹದಿನೆಂಟು ನಿಮಿಷಕ್ಕೆ ಅದರ ದಾಖಲೆಗಳು ಮುಖ್ಯ ಯಂತ್ರದವುಗಳ ಜೊತೆ ಸರಿಸಮ ಬಂದಿದ್ದವು. ನಮ್ಮ ಕಂಪನಿಯ ಎಂಜಿನಿಯರುಗಳೂ ಇಷ್ಟು ಬೇಗ ಮಾಡಿದ್ದನ್ನು ನಾನು ಕಂಡಿಲ್ಲ. ನೀರು ನುಗ್ತಿದೆ ಅಂದೆಯಲ್ಲಮ್ಮ, ಹೇಳ್ತಾ ಕೂತ್ಕೊಳ್ಳೋಕೆ ಟೈಮೆಲ್ಲಿತ್ತು, ನಮಗೆ ಎಷ್ಟು ಮಾರ್ಕ್ಸು ಎಂದು ಕೇಳಿದರು.

ಹೋದ ಜೀವ ಬಂದಂತಾಯಿತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನೂರಕ್ಕೆ ನೂರು ದೊಡ್ಡಮ್ಮಾ ಎಂದು ಹೇಳಿ, ಆಟೋ ಹತ್ತಿ ನೇರ ಇಲ್ಲಿಗೆ ಬಂದೆ. ಯಂತ್ರ ಅಲ್ಲಿರುವುದನ್ನು ಇನ್‌ಸ್ಪೆಕ್ಟರ್ ಕೂಡ ಆ ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಂಡಿದ್ದಾರೆ.

ಮೈದುನ ಬೆಂಚಿನ ಮೇಲೆ ಕೂತಿದ್ದ. ಯಂತ್ರ ಸಿಕ್ತು ಕಣೋ ಎಂದೆ. ಏನೂ ಪೆಟ್ಟಾಗಿಲ್ವಲ್ಲ ಎಂದು ಯಂತ್ರವನ್ನೇ ಮೊದಲು ವಿಚಾರಿಸಿದ. ಎಲ್ಲಿ ಹಾಳಾಗಿ ಹೋಗಿದ್ದೆಯೋ ಎಂದು ಕೇಳಿದೆ. ಬೇರೆ ಕಡೆ ಕೆಲಸಕ್ಕೆ ಇಂಟರ್‌ವ್ಯೂ ಇತ್ತು ಅತ್ತಿಗೆ, ಇದು ನೀವು ಹೇಳಿ ಕೊಡಿಸಿದ ಕೆಲಸ, ಬಿಡ್ತೀನಿ ಅಂತ ನಿಮ್ಮ ಮುಂದೆ ಹೇಳೋಕೆ ಬಾಯಿ ಬರ್ಲಿಲ್ಲ ಎಂದ. ಕೆಲಸ ಸಿಕ್ಕಿದೆಯಂತೆ. ಒಳ್ಳೆಯ ಕೆಲಸ. ನನಗೆ ಸಂತೋಷವೇ ಆಯಿತು.

ಆಮೇಲೆ ಅವನು ಹೇಳಿದ್ದು: ತರಬೇತಿಗೆ ಬಂದವರನ್ನ ನೋಡಿ ಎರಡೇ ದಿನ ಆಗಿತ್ತು, ಅಷ್ಟೂ ಜನಕ್ಕೆ ಅಂಥವರಲ್ಲ ಅಂದ್ರಂತೆ, ಇನ್‌ಸ್ಪೆಕ್ಟರ್ ಹೇಳಿದ್ರು, ನನಗೂ ಆ ಒಂದು ಮಾತು ಆಡಬಾರದಿತ್ತಾ ಅತ್ತಿಗೆ. ಜಗಳದ ದನಿಯಲ್ಲಿ ಹೇಳಲಿಲ್ಲ.

ಆದ್ದರಿಂದ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿ ಬರೆಯಬೇಕೆಂದು ಕೇಳಿದೆ. ಕೇಸಿಗೆ ಅದು ಬೇಕಿಲ್ಲ ಎಂದು ದಫೇದಾರರು ಹೇಳಿದರು. ನನಗೆ ಬೇಕು ಎಂದೆ. ಹುಡುಗ ಹೇಗೆ ಎಂದು ಮಧ್ಯಾಹ್ನ ಇನ್‌ಸ್ಪೆಕ್ಟರ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ನಾನು ಮದುವೆಯಾಗಿ ಬಂದಾಗ ಅವನು ಐದನೇ ಕ್ಲಾಸು. ಅಂದಿನಿಂದ ನೋಡುತ್ತಿದ್ದೇನೆ. ಅವನು ಅಂಥವನಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಠಾಣೆ. ದಿನ: ದೂರು ಕೊಟ್ಟ ದಿನವೇ, ಸಂಜೆ.
ದೂರುದಾರಳ ಸಹಿ.
ಸಾಕ್ಷಿಯ ಸಹಿ: ದೂರುದಾರಳ ಮೈದುನ. ಕೊನೆಯ ಪುಟವನ್ನು ಇನ್ನೊಮ್ಮೆ ಓದಿಸಿಕೊಂಡು ಸಹಿ ಹಾಕಿದ್ದಾರೆ.