ಮೂವತ್ತು ವರ್ಷದ ಗಡ್ಡ

"ಮೂವತ್ತು ವರ್ಷದ ಹಿಂದೇನೇ ಮಾತು ಕೊಟ್ಟಿದ್ದೀನಿ, ನನ್ನ ಗಡ್ಡ ಬೋಳಿಸೋದು ನೀನೊಬ್ಬನೇ ಅಂತ."

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಗಡ್ಡದವನು ಗೆಳೆಯನಿಗೆ ಹೇಳಿದ. ಕೀಮೋಗೆ ಬಂದಿದ್ದ ಆ ಗೆಳೆಯ ಸಲೂನಿನವನು; ಈಗ ಅವನ ತಲೆಯೇ ನುಣ್ಣಗಿತ್ತು.

"ಔಷಧಿಯಿಂದ ಕಣ್ಣು ಮಂಜಾಗಿದೆ ಕಣೋ, ಬೆರಳು ಜೋಮು ಹಿಡಿದಿದೆ. ನನಗೀಗ ನಿನ್ನ ಮೂಗು ಎರಡಾಗಿ ಕಾಣ್ತಿದೆ."

"ಒಂದನ್ನ ಕೊಯ್ದರೂ ಇನ್ನೊಂದು ಉಳಿಯುತ್ತಲ್ಲ!"

"ಭಾನುವಾರ ನಿನ್ನ ಮಗಳ ಮದುವೆ. ಹೀಗೇ ಹೋದ್ರೆ ಬೀಗರು ನಿನ್ನನ್ನೇ ರೋಗಿ ಅಂದ್ಕೋತಾರೆ."

"ಅಂದ್ಕೊಳ್ಳಲಿ. ನಿನ್ನ ಕಣ್ಣು ಸರಿಹೋಗೋವರೆಗೂ ಕಾಯ್ತೀನಿ."

"ಅದಕ್ಕಿನ್ನೂ ತಿಂಗಳುಗಳೇ ಬೇಕಂತೆ. ನನ್ನ ಮಗಳಿಗೆ ಕೆಲಸ ಕಲಿಸಿದ್ದೀನಿ. ಅವಳು ಬೋಳಿಸ್ತಾಳೆ, ನಾನು ಪಕ್ಕದಲ್ಲಿ ಕೂತು ಬೈತೀನಿ."

"ಅವಳನ್ನಾ?"

"ನಿನ್ನನ್ನ! ಅಲುಗಾಡಬೇಡ ಅಂತ."

ನರ್ಸ್ ಕರೆದರು. ಗಡ್ಡದವನು ಅವನ ತೋಳು ಹಿಡಿದು ಎಬ್ಬಿಸಿದ.

"ಸರಿ, ಶನಿವಾರ ಬರ್ತೀನಿ ಅನ್ನು ಅವಳಿಗೆ."

ಮೂವತ್ತು ವರ್ಷದ ಮಾತು ಅಲ್ಲಿಗೆ ಮುರಿಯಿತು.